ಗಾಲ್ಫ್ ಡ್ರೈವರ್ ಕೊಳ್ಳುವ ಮುನ್ನ ಒಂದು ಮಾರ್ಕರ್ ಪೆನ್ ಕೊಳ್ಳಿ

ಗಾಲ್ಫ್‌ನಲ್ಲಿ ಚೆಂಡನ್ನು ಅತಿ ದೂರ ಹೊಡೆಯುವ ಕ್ಲಬ್ಬೇ ಡ್ರೈವರ್. ಬೆಂಗಳೂರಿನ ಯಾವುದೇ ಡ್ರೈವಿಂಗ್ ರೇಂಜ್‌ಗೆ (ಹೊಡೆತ ಅಭ್ಯಾಸ ಮಾಡುವ ಜಾಗಕ್ಕೆ) ಶನಿವಾರ ಬೆಳಿಗ್ಗೆ ಹೋಗಿ. ‘ಹೊಸದು, ಒಂಬತ್ತು ಡಿಗ್ರಿ, ಸ್ಟಿಫ್ ಶಾಫ್ಟು’ ಎಂಬ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಡಿಗ್ರಿ ಅಂದರೆ ಕ್ಲಬ್‌ನ ಹೊಡೆಯುವ ಮುಖದ ಓರೆ, ಸ್ಟಿಫ್ ಶಾಫ್ಟ್ ಅಂದರೆ ಕಡಿಮೆ ಬಾಗುವ ಕೋಲು. ಹೇಳುವವರ ದನಿಯಲ್ಲಿ ಹೆಮ್ಮೆ. ಚೆಂಡು ಮಾತ್ರ ತಗ್ಗಾಗಿ ಹೊರಟು, ಬಲಕ್ಕೆ ತಿರುಗಿ ಪಕ್ಕದ ಬಲೆಗೆ ಬಡಿಯುತ್ತದೆ. ಅರ್ಧ ಲಕ್ಷದ ಆಸುಪಾಸು ಸುರಿದು ಈ ಫಲ ಪಡೆಯುವ ಬದಲು, ಅಂಗಡಿಯಲ್ಲಿ ಒಂದು ಗಂಟೆ ಜಾಸ್ತಿ ನಿಂತರೆ ಒಳ್ಳೆಯದಲ್ವಾ? (ಬಲ-ಎಡದ ಲೆಕ್ಕವೆಲ್ಲ ಬಲಗೈ ಆಟಗಾರರಿಗೆ. ಎಡಗೈಯವರು ತಿರುಗಿಸಿ ಓದಿಕೊಳ್ಳಿ.)

1. ಹೆಡ್ ಬಗ್ಗೆ ಇಷ್ಟು ಗೊತ್ತಿರಲಿ

1991ರಲ್ಲಿ ಕ್ಯಾಲವೇ ಕಂಪನಿಯ ‘ಬಿಗ್ ಬರ್ತಾ’ ಡ್ರೈವರ್ ಬಂದಾಗ ಅದರ ಹೆಡ್ (ಚೆಂಡಿಗೆ ಬಡಿಯುವ ತಲೆಭಾಗ) 190 ಸಿಸಿ. ಆಗ ಅದೇ ಭಾರಿ ದೊಡ್ಡದು. ಇವತ್ತು ನಿಯಮದ ಮಿತಿ 460 ಸಿಸಿ. ಹೆಚ್ಚಿನ ಕಂಪನಿಗಳು ಆ ಮಿತಿಯನ್ನು ಮುಟ್ಟಿ ಕೂತಿವೆ. ಫೇಸ್, ಅಂದರೆ ಹೆಡ್‌ನ ಹೊಡೆಯುವ ಮುಖ, ಚೆಂಡನ್ನು ಎಷ್ಟು ಚಿಮ್ಮಿಸಬಹುದು ಎಂಬುದಕ್ಕೂ ಮಿತಿ ಇದೆ. ಹಾಗಾಗಿ ‘ಈ ವರ್ಷದ ಮಾಡೆಲ್ 15 ಗಜ ಜಾಸ್ತಿ’ ಎಂದರೆ ನಕ್ಕು ಸುಮ್ಮನಿರಿ.

ನಿಜವಾಗಿ ಸುಧಾರಿಸಿರುವುದು ನಡುವಿಗೆ ಬೀಳದ ಹೊಡೆತ. ಭಾರವನ್ನು ಅಂಚಿಗೂ ಹಿಂದಕ್ಕೂ ಸರಿಸಿರುವುದರಿಂದ ಹೆಡ್ ಅಷ್ಟು ಸುಲಭಕ್ಕೆ ತಿರುಚುವುದಿಲ್ಲ. 2024ರಿಂದ ಕೆಲವು ಹೆಡ್‌ಗಳ ಮೇಲೆ ಕಾಣುವ ‘10ಕೆ’ (ಹತ್ತು ಸಾವಿರ) ಇದರದೇ ಅಳತೆ. ಆದರೆ ಅದು ಎರಡು ದಿಕ್ಕಿನ ಅಂಕಿ ಕೂಡಿಸಿದ ಮೊತ್ತ. ನಿಯಮ ಕಟ್ಟಿಹಾಕುವುದು ಒಂದೇ ದಿಕ್ಕನ್ನು, ಅದೂ 5,900ಕ್ಕೆ.

2. ಲಾಫ್ಟ್: ಹೆಮ್ಮೆ ಬಿಡಿ

ಲಾಫ್ಟ್ ಅಂದರೆ ಫೇಸ್ ಎಷ್ಟು ಡಿಗ್ರಿ ಓರೆಯಾಗಿದೆ ಎಂಬುದು. ನಿಮ್ಮ ಸ್ವಿಂಗ್, ಅಂದರೆ ಕ್ಲಬ್ ಬೀಸುವ ವೇಗ, ಗಂಟೆಗೆ 95 ಮೈಲಿ ದಾಟದಿದ್ದರೆ 10.5 ಡಿಗ್ರಿಗಿಂತ ಕೆಳಗೆ ಇಳಿಯಬೇಡಿ. 12 ಇದ್ದರೆ ಇನ್ನೂ ಒಳ್ಳೆಯದು. ಕಡಿಮೆ ಲಾಫ್ಟ್‌ನಲ್ಲಿ ಚೆಂಡು ಮೇಲೇಳುವುದಿಲ್ಲ, ಫೇಸ್ ಸ್ವಲ್ಪ ಬಲಕ್ಕೆ ತೆರೆದಿದ್ದರೂ ಹೆಚ್ಚು ಬಾಗುತ್ತದೆ.

ಹೆಡ್ ಬುಡದ ಸ್ಲೀವ್ (ಹೆಡ್‌ಗೆ ಶಾಫ್ಟ್ ಸೇರಿಸುವ ತುಂಡು) ತಿರುಗಿಸಿ ಲಾಫ್ಟ್ ಬದಲಿಸಬಹುದು ನಿಜ. ಆದರೆ ಲಾಫ್ಟ್ ಇಳಿಸಿದರೆ ಫೇಸ್ ಬಲಕ್ಕೆ ತೆರೆಯುತ್ತದೆ, ಏರಿಸಿದರೆ ಎಡಕ್ಕೆ ಮುಚ್ಚುತ್ತದೆ. ದೂರದ ಆಸೆಗೆ ಇಳಿಸಿಕೊಂಡು, ಆಮೇಲೆ ಸ್ಲೈಸ್ (ಚೆಂಡು ಬಲಕ್ಕೆ ಬಾಗುವುದು) ಜಾಸ್ತಿಯಾಯಿತು ಎಂದು ಕೋಚ್ ಹತ್ತಿರ ಅಳುವವರನ್ನು ನೋಡುತ್ತಲೇ ಇದ್ದೇನೆ. ದೂರವೇ ಎಲ್ಲವೂ ಅಲ್ಲ: ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 4ನೇ ಸ್ಥಾನ ಪಡೆದಾಗ ಅಲ್ಲಿ ತೀರಾ ಕಡಿಮೆ ದೂರ ಹೊಡೆಯುವವರಲ್ಲಿ ಅವರೂ ಒಬ್ಬರು.

3. ಹೊಡೆದು ನೋಡುವುದು: ಎಲ್ಲರೂ ಎಡವುವುದು ಇಲ್ಲೇ

ಮೊದಲು ಐರನ್‌ನಲ್ಲಿ (ಡ್ರೈವರ್‌ಗಿಂತ ಗಿಡ್ಡ ಕ್ಲಬ್‌ನಲ್ಲಿ) ಮೈ ಬಿಸಿ ಮಾಡಿಕೊಳ್ಳಿ. ನೀವು ಆಡುವ ಚೆಂಡುಗಳನ್ನೇ ಒಯ್ಯಿರಿ. ಸವೆದ ರೇಂಜ್ ಚೆಂಡಿನಲ್ಲಿ ಬಂದ ಸ್ಪಿನ್ ಅಂಕಿ ನಂಬಿ ಡ್ರೈವರ್ ಕೊಳ್ಳಬೇಡಿ.

ಈಗ ಮಾರ್ಕರ್ ತೆಗೆಯಿರಿ. ವೈಟ್‌ಬೋರ್ಡ್‌ಗೆ ಬಳಸುವಂಥದ್ದು, ಒರೆಸಿದರೆ ಹೋಗುವಂಥದ್ದು. ಚೆಂಡಿನ ಮೇಲೆ ದಪ್ಪ ಚುಕ್ಕೆ ಇಡಿ. ಚುಕ್ಕೆ ಫೇಸ್ ಕಡೆ ನೋಡುವಂತೆ ಟೀ (ಚೆಂಡು ಇಡುವ ಪುಟ್ಟ ಗೂಟ) ಮೇಲೆ ಕೂರಿಸಿ. ಶಾಯಿ ಒಣಗುವ ಮುನ್ನ ಹೊಡೆಯಿರಿ. ಚೆಂಡು ಎಲ್ಲಿ ತಾಗಿತು ಎಂಬುದರ ಗುರುತು ಫೇಸ್ ಮೇಲೆ ಬೀಳುತ್ತದೆ. ಪ್ರತಿ ಹೊಡೆತಕ್ಕೂ ಫೋನಿನಲ್ಲಿ ಫೋಟೊ ತೆಗೆದು ಒರೆಸಿ. ಹತ್ತು ಹೊಡೆತವಾದ ಮೇಲೆ ಫೋಟೊಗಳನ್ನು ಸಾಲಾಗಿ ನೋಡಿ.

ಗುರುತು ಹೀಲ್ ಕಡೆ, ಅಂದರೆ ಶಾಫ್ಟ್ ಕಡೆ ಇದ್ದರೆ ಚೆಂಡು ಬಲಕ್ಕೆ ಬಾಗುತ್ತದೆ. ತುದಿಯಲ್ಲಿದ್ದರೆ ಎಡಕ್ಕೆ. ತಳದಲ್ಲಿದ್ದರೆ ಸ್ಪಿನ್ ಏರಿ, ಚೆಂಡು ಮೇಲಕ್ಕೆ ಉಬ್ಬಿ ಹತ್ತಿರದಲ್ಲೇ ಬೀಳುತ್ತದೆ. ನಡುವಿಗಿಂತ ಒಂಚೂರು ಮೇಲಿದ್ದರೆ ಅದೇ ಸರಿ. ಹತ್ತೂ ಹೀಲ್‌ನಲ್ಲೇ ಇದ್ದರೆ ಸ್ಲೈಸ್‌ಗೆ ಸ್ವಿಂಗ್ ಒಂದನ್ನೇ ಬೈಯಬೇಡಿ.

ಗುರುತುಗಳು ಫೇಸ್ ತುಂಬ ಚೆಲ್ಲಾಡಿದ್ದರೆ ಗ್ರಿಪ್ಪನ್ನು ಒಂದು ಇಂಚು ಕೆಳಗೆ ಹಿಡಿದು ಮತ್ತೆ ಹೊಡೆಯಿರಿ. ಗುಂಪಾಗಿ ಬಂದವಾ? ಹಾಗಾದರೆ ಶಾಫ್ಟ್ ನಿಮಗೆ ಉದ್ದವಾಯಿತು. ಅಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ 45ರಿಂದ 46 ಇಂಚಿನದು. ಇಂಚು ಕತ್ತರಿಸಿದರೆ ಹೆಡ್ ಹಗುರ ಅನ್ನಿಸುತ್ತದೆ. ಅದಕ್ಕೆ ಬದಲಿ ತೂಕ ಹಾಕಿಕೊಡುವವರ ಹತ್ತಿರವೇ ಕತ್ತರಿಸಿ. ಎಲ್ಲ ಅಂಗಡಿಯವರಿಗೂ ಈ ಕೆಲಸ ಬರುವುದಿಲ್ಲ.

ಇನ್ನು ಲಾಂಚ್ ಮಾನಿಟರ್, ಅಂದರೆ ಹೊಡೆತ ಅಳೆಯುವ ಯಂತ್ರದ ಪರದೆ. ಮಾರುವವರು ಕೆಟ್ಟ ಹೊಡೆತಗಳನ್ನು ‘ಇದು ಲೆಕ್ಕಕ್ಕಿಲ್ಲ ಸಾರ್’ ಎಂದು ಅಳಿಸುತ್ತಾರೆ. ಬಿಡಬೇಡಿ. ಗಾಲ್ಫ್ ಕೋರ್ಸ್‌ನಲ್ಲಿ ಅಳಿಸುವವರು ಯಾರೂ ಇಲ್ಲ. ಅತಿ ದೂರದ ಒಂದು ಹೊಡೆತ ನೋಡಬೇಡಿ. ಹತ್ತರ ಸರಾಸರಿ ಕ್ಯಾರಿ (ಚೆಂಡು ನೆಲ ಮುಟ್ಟುವ ಮುನ್ನ ಹಾರಿದ ದೂರ) ಮತ್ತು ಎಡ-ಬಲದ ಚದುರುವಿಕೆ ನೋಡಿ. ಸ್ವಿಂಗ್ 90 ಮೈಲಿ ಆಸುಪಾಸಿನವರಿಗೆ ಲಾಂಚ್ (ಚೆಂಡು ಮೇಲೇಳುವ ಕೋನ) 13-15 ಡಿಗ್ರಿ, ಸ್ಪಿನ್ ನಿಮಿಷಕ್ಕೆ 2,500ರಿಂದ 3,000 ಸುತ್ತು ಇದ್ದರೆ ಖುಷಿಪಡಿ. ಚೆಂಡಿನ ವೇಗವನ್ನು ಕ್ಲಬ್ ವೇಗದಿಂದ ಭಾಗಿಸಿದರೆ ಬರುವುದು ಸ್ಮ್ಯಾಶ್ ಫ್ಯಾಕ್ಟರ್. 1.45 ಚೆನ್ನಾಗಿದೆ, 1.5 ಹೆಚ್ಚುಕಡಿಮೆ ಕೊನೆ. 1.6 ತೋರಿಸಿದರೆ ಮೆಷೀನು ತಪ್ಪು ಓದುತ್ತಿದೆ, ನೀವು ಗಟ್ಟಿಗರಾದದ್ದಲ್ಲ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ತೆಳುಗಾಳಿಯಲ್ಲಿ ಬಯಲಲ್ಲಿ ಹೊಡೆದು ಅಳೆದ ದೂರ ಕರಾವಳಿಯ ಮಂಗಳೂರಿನ ಪಿಲಿಕುಳ ಗಾಲ್ಫ್ ಕೋರ್ಸ್‌ನಲ್ಲಿ ಸಿಗುವುದಿಲ್ಲ. ಆಗ ಕ್ಲಬ್ಬನ್ನು ಬೈಯಬೇಡಿ.

4. ಶಾಫ್ಟ್

ಶಾಫ್ಟ್ ಎಷ್ಟು ಗಡುಸು ಎಂದು ಹೇಳುವ ಆರ್, ಎಸ್, ಎಕ್ಸ್ ಎಂಬ ಅಕ್ಷರಗಳಿಗೆ ಎಲ್ಲ ಕಂಪನಿಗೂ ಒಂದೇ ಅಳತೆ ಇಲ್ಲ. ಒಬ್ಬರ ಆರ್ ಇನ್ನೊಬ್ಬರ ಎಸ್. ಅಕ್ಷರ ನೋಡದೆ ಹೊಡೆದು, ಫೋಟೊದಲ್ಲಿ ಗುರುತು ಯಾವುದಕ್ಕೆ ಗುಂಪಾಗಿದೆಯೋ ಅದನ್ನು ತೆಗೆದುಕೊಳ್ಳಿ.

5. ಎಲ್ಲಿ ಕೊಳ್ಳುವುದು

ನನ್ನ ಸಲಹೆ: ಎರಡು-ಮೂರು ವರ್ಷ ಹಳೆಯ ಮಾಡೆಲ್, ಸೆಕೆಂಡ್‌ಹ್ಯಾಂಡ್. ಫೇಸ್‌ನಲ್ಲಿ, ಮೇಲ್ಭಾಗದಲ್ಲಿ ಬಿರುಕು ಇದೆಯೇ ನೋಡಿ. ಅಲ್ಲಾಡಿಸಿದರೆ ಒಳಗೆ ಸದ್ದು ಬರಬಾರದು. ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ಸಿಗುವ ‘ಸೀಲ್ಡ್ ಪ್ಯಾಕ್’ ಕಡೆ ತಿರುಗಿಯೂ ನೋಡಬೇಡಿ, ನಕಲಿ ವಿಪರೀತ ಇವೆ. ಟೈಟಾನಿಯಂ ಎಂದು ಹೇಳಿ ಮಾರಿದ ಫೇಸ್‌ಗೆ ಫ್ರಿಜ್‌ನ ಮ್ಯಾಗ್ನೆಟ್ ಅಂಟಿದರೆ ಅದು ಟೈಟಾನಿಯಂ ಅಲ್ಲ.

ಸ್ಲೀವ್ ತಿರುಗಿಸುವ ರೆಂಚ್ ಕೇಳಿ ಪಡೆಯಿರಿ. ‘ಟಕ್’ ಅನ್ನುವವರೆಗೆ ಬಿಗಿ ಮಾಡಿ ನಿಲ್ಲಿಸಿ. ಈ ತಿರುಗಿಸಾಟವೆಲ್ಲ ರೌಂಡ್ ಶುರುವಾಗುವ ಮುನ್ನ ಮುಗಿಯಬೇಕು. ಸ್ಪರ್ಧೆಯ ನಡುವೆ ಲಾಫ್ಟ್ ಬದಲಿಸಿ ಆ ಕ್ಲಬ್‌ನಲ್ಲಿ ಹೊಡೆದರೆ ನೀವು ಔಟ್.