ನಿಮ್ಮಪ್ಪನಿಗೆ ಹೇಳು, ನಿಮ್ಮಮ್ಮನಿಗೆ ಹೇಳು

ಮನೆಯಲ್ಲಿ ದಿನಾ ಜಗಳ ಆದರೆ ಮಕ್ಕಳಿಗೆ ಜಾಸ್ತಿ ಸುಸ್ತಾಗೋದು ಜಗಳ ಮುಗಿದ ಮೇಲೆ. ಅಪ್ಪ ಅಮ್ಮ ಮಾತು ಬಿಡುತ್ತಾರೆ. ಆಮೇಲೆ ಎಲ್ಲ ಮಾತೂ ಮಕ್ಕಳ ಮೂಲಕವೇ. "ಊಟಕ್ಕೆ ಬರ್ತಾರಾ ಕೇಳು." "ಬೀಗದ ಕೈ ಎಲ್ಲಿಟ್ಟಿದ್ದಾಳೆ ಕೇಳು." ಎಸ್ಸೆಸ್ಸೆಲ್ಸಿ ಓದುವಾಗ ನನಗೆ ಇದೇ ಕೆಲಸ.

ನಮ್ಮದು ತಿಪಟೂರು ಕಡೆ ಹಳ್ಳಿ. ತೆಂಗಿನ ತೋಟ, ಅದರ ಮೇಲೆ ಸಾಲ. ಅಟ್ಟದ ಮೇಲಿನ ಕಾಯಿ ಉಂಡೆ ಕೊಬ್ಬರಿ ಆಗಲು ಹತ್ತು ಹನ್ನೊಂದು ತಿಂಗಳು ಬೇಕು. ಅಷ್ಟು ಕಾದ ಮೇಲೆ ರೇಟು ಬಿದ್ದರೆ ಅಮ್ಮ ಈಗಲೇ ಮಾರಿಬಿಡಿ ಅನ್ನೋಳು, ಅಪ್ಪ ಇನ್ನೂ ಕಾಯೋಣ ಅನ್ನೋರು. ಅಲ್ಲಿಂದ ಶುರುವಾದದ್ದು ಚಿಕ್ಕಪ್ಪನ ಭಾಗ, ಅಮ್ಮನ ತವರು ಅಂತ ಎಲ್ಲೆಲ್ಲಿಗೋ ಹೋಗುತ್ತಿತ್ತು. ಅಪ್ಪ ಕುಡಿದು ಬಂದ ದಿನ ಬೈಕಿನ ಸ್ಟ್ಯಾಂಡ್ ಒಂದೇ ಸಲಕ್ಕೆ ಬೀಳುತ್ತಿರಲಿಲ್ಲ. ಆ ಸದ್ದಿಗೇ ನಾನೂ ತಮ್ಮನೂ ಪುಸ್ತಕ ಮುಚ್ಚುತ್ತಿದ್ದೆವು.

ನಾನು ಮೊದಲು ನಿಲ್ಲಿಸಿದ್ದು ಈ ಕಡೆ ಮಾತು ಆ ಕಡೆ ಒಯ್ಯೋದನ್ನ. ಜಗಳದ ನಡುವೆ ಹೇಳಲಿಲ್ಲ. ಬೆಳಿಗ್ಗೆ ಜಗಲಿ ಮೇಲೆ ಅಪ್ಪ ಕಾಫಿ ಕುಡಿಯುವಾಗ ಹೇಳಿದೆ: "ಅಪ್ಪಾ, ಅಮ್ಮಂಗೆ ಏನಿದ್ರೂ ನೀವೇ ಹೇಳಿ. ನಾನು ಹೇಳಿದ್ರೆ ಇಬ್ರೂ ನನ್ನ ಮೇಲೇ ರೇಗ್ತೀರ." ಅವರು ಲೋಟ ಕೆಳಗಿಟ್ಟು ಎದ್ದು ಹೋದರು. ಅಮ್ಮನಿಗೂ ಹೇಳಿದೆ. "ನೀನೂ ಅವರ ಕಡೆ ಸೇರ್ಕೊಂಡ್ಯಾ?" ಅಂತ ಅತ್ತಳು. ಹೊಟ್ಟೆ ಕಿವುಚಿದಂತಾಯ್ತು. "ಯಾರ ಕಡೆಗೂ ಇಲ್ಲಮ್ಮ, ನಂಗೆ ಪರೀಕ್ಷೆ ಇದೆ" ಅಂದೆ. ಮತ್ತೆ ಮತ್ತೆ ಇದೇ ಮಾತು ಹೇಳಬೇಕಾಯ್ತು. ನಿಧಾನಕ್ಕೆ ಇಬ್ಬರೂ ನನ್ನನ್ನು ಕರೆಯೋದು ಕಡಿಮೆ ಮಾಡಿದರು.

ಕುಡಿದವರ ಹತ್ತಿರ ವಾದ ಮಾಡಿ ಪ್ರಯೋಜನವಿಲ್ಲ. ಅಂಥ ರಾತ್ರಿಗಳಿಗೆ ಪಕ್ಕದ ದೊಡ್ಡಮ್ಮನ ಜೊತೆ ಮೊದಲೇ ಮಾತಾಡಿಕೊಂಡಿದ್ದೆ. ನಮ್ಮಿಬ್ಬರ ಒಂದೊಂದು ಜೊತೆ ಯೂನಿಫಾರಂ, ನನ್ನ ಗಣಿತದ ನೋಟ್ಸ್ ಅವರ ಮನೆಯಲ್ಲೇ ಇರುತ್ತಿದ್ದವು. ಬಾಗಿಲು ತಟ್ಟಿದರೆ ಏನಾಯ್ತು ಅಂತ ಕೇಳುತ್ತಿರಲಿಲ್ಲ, ಚಾಪೆ ಹಾಸುತ್ತಿದ್ದರು.

ಕಷ್ಟವಾಗಿದ್ದು ಟೀಚರ್‌ಗೆ ಹೇಳೋದು. ಮನೆ ವಿಷಯ ಹೊರಗೆ ಹೋಗಬಾರದು ಅಂತಲೇ ಬೆಳೆದವರಲ್ವಾ ನಾವು. ಆದರೆ ನಂಬುವ ಒಬ್ಬ ದೊಡ್ಡವರಿಗೆ ಹೇಳಿದರೆ ಮನೆ ಮರ್ಯಾದೆ ಹೋಗುವುದಿಲ್ಲ. ಟೀಚರ್ ಅಪ್ಪನನ್ನು ಕರೆಸಲೂ ಇಲ್ಲ, ಬುದ್ಧಿ ಹೇಳಲೂ ಇಲ್ಲ. ಶಾಲೆ ಬಿಟ್ಟ ಮೇಲೆ ಸಂಜೆವರೆಗೂ ಲ್ಯಾಬಿನಲ್ಲಿ ಕೂತು ಓದಲು ಬಿಟ್ಟರು. ನಾನು ಪಾಸಾಗಿದ್ದು ಅಲ್ಲಿ ಓದಿ.

ಮನೆಯ ಜಗಳ ನಿಂತಿತಾ? ಇಲ್ಲ. ಅದನ್ನು ನಿಲ್ಲಿಸೋದು ನನ್ನ ಕೆಲಸ ಅಂತ ಅನ್ನಿಸೋದು ಮಾತ್ರ ನಿಂತಿತು.

ಕೈ ಎತ್ತುವ ಮನೆಯ ಮಾತು ಬೇರೆ. ಅಲ್ಲಿ ನಡುವೆ ನಿಂತು ಬಿಡಿಸಲು ಹೋಗಬೇಡಿ. ಹೊರಗೆ ಬನ್ನಿ, ಅಕ್ಕಪಕ್ಕದವರನ್ನು ಕೂಗಿ, 112ಕ್ಕೆ ಫೋನ್ ಮಾಡಿ. ಹದಿನೆಂಟು ತುಂಬದವರಿಗೆ ಮಕ್ಕಳ ಸಹಾಯವಾಣಿ 1098 ಇದೆ, ಹಗಲು ರಾತ್ರಿ ಉಚಿತ. ಸುಮ್ನೆ ಮನಸ್ಸು ಭಾರವಾಗಿದ್ದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಮಾಡಬಹುದು. ಫೋನ್ ಮಾಡಿದರೆ ಅಪ್ಪನನ್ನು ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ ಅನ್ನೋ ಭಯ ಮಕ್ಕಳಿಗೆ ಇರುತ್ತೆ. 14416ರಲ್ಲಿ ಮಾತಾಡುವವರು ಪೊಲೀಸರಲ್ಲ, ಆಪ್ತಸಮಾಲೋಚಕರು. ಕನ್ನಡದಲ್ಲೇ ಮಾತಾಡಬಹುದು.