ಒಂದೇ ಬಾಯಿಗೆ ಮೂರು ಹೆಸರು

ಬೆಂಗಳೂರಿನಲ್ಲಿ ಕೂತು ಮೀನಿನ ಪಳೆಯುಳಿಕೆ ನೋಡ್ತೀನಿ ಅಂದರೆ ಎಲ್ಲರೂ ಮೊದಲು ಕೇಳುವುದು, "ಇಲ್ಲೆಲ್ಲಿ ಸಿಗುತ್ತೆ?" ಅಂತ. ಇಲ್ಲಿ ಸಿಗುವುದಿಲ್ಲ. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ಅದು ಹುಟ್ಟಿದ ಕಾಲಕ್ಕೆ ಮೀನು ಹಾಗಿರಲಿ, ಮೂಳೆ ಅನ್ನುವ ವಸ್ತುವೇ ಭೂಮಿಯ ಮೇಲೆ ಇರಲಿಲ್ಲ. ನನ್ನ ಮೀನುಗಳು ತಮಿಳುನಾಡಿನ ಪೆರಂಬಲೂರು, ಅರಿಯಲೂರು ಕಡೆಯಿಂದ, ಸೇಲಂ ಮೇಲೆ ಹಾದು, ಸಿಮೆಂಟ್ ಚೀಲದಲ್ಲಿ ಮಣ್ಣಾಗಿ ಬರುತ್ತವೆ.

ಅಲ್ಲಿ ಕಾರೈ ಅಂತ ಒಂದು ಊರು. ಅದರ ಪಕ್ಕದಲ್ಲಿ ಮಳೆಗೆ ಕೊರೆದು ಹೋದ ಜೇಡಿಮಣ್ಣಿನ ದಿಬ್ಬಗಳು. ಸುಮಾರು 10 ಕೋಟಿ ವರ್ಷದ ಹಿಂದೆ ಅದು ಕಡಲ ತಳ. ಹೊಳೆಯುವ ಜಿಪ್ಸಂ ಚೂರುಗಳು, ಬಂದೂಕಿನ ಗುಂಡಿನಂಥ ಬೆಲೆಮ್ನೈಟ್‌ಗಳು (ಸ್ಕ್ವಿಡ್‌ನಂಥ ಅಳಿದ ಪ್ರಾಣಿಯ ಪಳೆಯುಳಿಕೆ) ನಡೆದಲ್ಲೆಲ್ಲ ಕಾಲಿಗೆ ಸಿಗುತ್ತವೆ. ಶಾರ್ಕ್ ಹಲ್ಲು ಅಷ್ಟು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಮಣ್ಣನ್ನೇ ಹೊತ್ತು ತರುವುದು.

ಮಣ್ಣನ್ನು ತಾರಸಿಯ ಮೇಲೆ ಚೆನ್ನಾಗಿ ಒಣಗಿಸಿ ಬಕೆಟ್ಟಿನ ನೀರಿಗೆ ಹಾಕಿದರೆ ಬಿಸ್ಕತ್ತಿನ ಹಾಗೆ ಕರಗುತ್ತದೆ. ಹಸಿಯಾಗಿ ಹಾಕಿದರೆ ಉಂಡೆ ಉಂಡೆಯಾಗಿಯೇ ಉಳಿದು ಪ್ರಾಣ ತಿನ್ನುತ್ತದೆ. ಕರಗಿದ ಮೇಲೆ ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ತೊಳೆಯುವುದು. ಆ ಪ್ರದೇಶವನ್ನು ಭೂವಿಜ್ಞಾನಿಗಳು ಕಾವೇರಿ ಬೇಸಿನ್ ಅನ್ನುತ್ತಾರೆ. ನಾನು ತೊಳೆಯುವುದೂ ನಲ್ಲಿಯಲ್ಲಿ ಬರುವ ಕಾವೇರಿ ನೀರಿನಲ್ಲೇ. 2024ರ ಬೇಸಿಗೆಯಲ್ಲಿ ಇಡೀ ಬೀದಿ ಟ್ಯಾಂಕರ್ ಕಾಯುತ್ತಿದ್ದಾಗ ಮಣ್ಣು ತೊಳೆಯಲು ನನಗೆ ಮುಖ ಬರಲಿಲ್ಲ. ಚೀಲ ಕಟ್ಟಿಟ್ಟೆ.

ಜರಡಿಯಲ್ಲಿ ಉಳಿದದ್ದನ್ನು ಒಣಗಿಸಿ, ಕಪ್ಪು ತಟ್ಟೆಯಲ್ಲಿ ಹರಡಿ, ಮೈಕ್ರೋಸ್ಕೋಪಿನ ಕೆಳಗೆ ಒದ್ದೆ ಕುಂಚದ ತುದಿಯಿಂದ ಒಂದೊಂದೇ ಕಣ ಆರಿಸಬೇಕು. ಅಕ್ಕಿಯಲ್ಲಿ ಕಲ್ಲು ಆರಿಸಿದವರಿಗೆ ಈ ಕೆಲಸ ಬೇಗ ಕೈಗೆ ಹತ್ತುತ್ತದೆ. ಸಿಗುವುದರಲ್ಲಿ ಹೆಚ್ಚಿನವು ಹಲ್ಲುಗಳೇ. ಶಾರ್ಕಿನ ಅಸ್ಥಿಪಂಜರ ಮೃದ್ವಸ್ಥಿ, ಅದು ಕೊಳೆತು ಹೋಗುತ್ತದೆ. ಹಲ್ಲು ಮಾತ್ರ ಜೀವಮಾನವಿಡೀ ಸಾವಿರಾರು ಉದುರುತ್ತವೆ, ಗಟ್ಟಿ ಹೊದಿಕೆ ಇರುವುದರಿಂದ ಉಳಿಯುತ್ತವೆ.

ಮೊದಲ ವರ್ಷ ನನಗೆ ಒಂದೇ ಬಗೆಯೆನ್ನಬಹುದಾದ 31 ಹಲ್ಲು ಸಿಕ್ಕವು. ದೊಡ್ಡದು 9 ಮಿಲಿಮೀಟರ್ ಎತ್ತರ. ನಡುವೆ ತ್ರಿಕೋನದ ಮೊನೆ, ಎರಡೂ ಪಕ್ಕಕ್ಕೆ ಒಂದೊಂದು ಮರಿ ಮೊನೆ, ಕೆಳಗೆ ಎರಡು ಕಾಲಿನ ಬೇರು. ನಾಲಿಗೆ ಕಡೆಯ ಮುಖ ಉಬ್ಬು, ತುಟಿ ಕಡೆಯದು ಹೆಚ್ಚುಕಡಿಮೆ ಚಪ್ಪಟೆ. ಅಂಚಿನಲ್ಲಿ ಗರಗಸವಿಲ್ಲ, ನುಣುಪು. ಕುಲ ಕ್ರೆಟಲಾಮ್ನಾ ಎಂಬ ಅಳಿದ ಶಾರ್ಕಿನದು ಅನ್ನುವುದರಲ್ಲಿ ಅನುಮಾನ ಬರಲಿಲ್ಲ. ಅದೇ ಮಣ್ಣಿನಲ್ಲಿ ಸಿಗುವ ಇನ್ನೊಂದು ಅಳಿದ ಶಾರ್ಕ್ ಸ್ಕ್ವಾಲಿಕೊರಾಕ್ಸ್‌ಗೆ ಗರಗಸದ ಅಂಚಿದೆ, ಮರಿ ಮೊನೆ ಇಲ್ಲ. ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ನೆಟ್ಟಗೆ ನಿಂತ ನೀಳ ಹಲ್ಲುಗಳನ್ನು 'ಅ' ಅಂತ, ಅಗಲವಾಗಿ ಒಂದು ಕಡೆ ವಾಲಿದವನ್ನು 'ಆ' ಅಂತ, ಕುಳ್ಳಗಿನ ಚಿಕ್ಕವನ್ನು 'ಇ' ಅಂತ ಮೂರು ಡಬ್ಬಿ ಮಾಡಿ, ಮೂರು ಪ್ರಭೇದ ಅಂತ ಇಂಕಿನಲ್ಲಿ ಚೀಟಿ ಬರೆದು ಮೇಷ್ಟ್ರ ಮುಂದಿಟ್ಟೆ. ಅವರು ಒಂದೇ ಮಾತು ಕೇಳಿದರು: "ಶಾರ್ಕಿನ ಬಾಯಿ ಯಾವಾಗಲಾದ್ರೂ ತೆರೆದು ನೋಡಿದ್ದೀಯೇನಯ್ಯ?"

ನೋಡಿರಲಿಲ್ಲ. ಪುಸ್ತಕದ ಚಿತ್ರ ನೋಡಿದ್ದೆ, ಅಷ್ಟೆ.

ಮರುದಿನ ಬೆಳಗ್ಗೆಯೇ ಶಿವಾಜಿನಗರದ ರಸೆಲ್ ಮಾರ್ಕೆಟ್‌ಗೆ ಹೋದೆ. ಬಂಗುಡೆ, ಅಂಜಲ್ ರಾಶಿಯ ಹಿಂದೆ ಒಂದು ಶಾರ್ಕಿನ ತಲೆ ಬಿದ್ದಿತ್ತು. ಕಾರ್ಕರೈನಸ್ ಕುಲದ್ದು. "ತಲೆ ಯಾಕೆ ಸಾರ್, ಸಾರಿಗೂ ಬರಲ್ಲ" ಅಂದರು ಅಂಗಡಿಯವರು, ಆದರೂ ಕೊಟ್ಟರು. ಬಾಡಿಗೆ ಮನೆಗೆ ತಂದು ಹಳೇ ಅಲ್ಯೂಮಿನಿಯಂ ಪಾತ್ರೆಯಲ್ಲಿ ಕುದಿಯಲು ಇಟ್ಟೆ. ಮಾಲೀಕರ ಮನೆಯ ಆಂಟಿ ಮೇಲಿನಿಂದಲೇ ಕೂಗಿದರು: "ಏನಪ್ಪಾ, ಮೀನು ಬೇಯಿಸ್ತಿದ್ದೀಯಾ?" "ತಿನ್ನೋಕಲ್ಲ ಆಂಟಿ, ಓದೋಕೆ" ಅಂದೆ. ಅವರಿಗೆ ಸಮಾಧಾನವಾಗಲಿಲ್ಲ, ಆಗುವಂಥ ಉತ್ತರವೂ ಅದಲ್ಲ ಬಿಡಿ.

ಇಪ್ಪತ್ತು ನಿಮಿಷ ಬಿಟ್ಟು ನೋಡಿದರೆ ದವಡೆ ಕರಗಿ ಸೊಟ್ಟಗಾಗಿ, ಹಲ್ಲೆಲ್ಲ ಪಾತ್ರೆಯ ತಳದಲ್ಲಿ. ಯಾವುದು ಮೇಲಿನದು, ಯಾವುದು ಕೆಳಗಿನದು, ಯಾವುದು ಮೂಲೆಯದು, ಒಂದೂ ಗೊತ್ತಿಲ್ಲ. ಕಾರೈ ಮಣ್ಣಿನಲ್ಲಿ 10 ಕೋಟಿ ವರ್ಷ ಮಾಡಿದ ಕೆಲಸವನ್ನು ನನ್ನ ಗ್ಯಾಸ್ ಸ್ಟೌ ಅಷ್ಟರಲ್ಲೇ ಮುಗಿಸಿತ್ತು. ಹೇಗಿದ್ದರೂ ಕೆಟ್ಟಿತಲ್ಲ ಅಂತ ಆ ಹಲ್ಲುಗಳನ್ನು ಬಸಿದು, ಪಳೆಯುಳಿಕೆ ವಿಂಗಡಿಸುವ ಹಾಗೆಯೇ ವಿಂಗಡಿಸಿದೆ. ಅಗಲ ತ್ರಿಕೋನ, ಸ್ಪಷ್ಟ ಗರಗಸದ ಅಂಚು: ಒಂದು ಗುಂಪು. ಕಿರಿದು, ನೆಟ್ಟಗೆ, ಅಂಚು ಸುಮಾರು ನುಣುಪು: ಇನ್ನೊಂದು ಗುಂಪು. ಪ್ರಾಮಾಣಿಕವಾಗಿ ಹೇಳುತ್ತೇನೆ, ಇವು ಮಣ್ಣಿನಲ್ಲಿ ಸಿಕ್ಕಿದ್ದರೆ ಎರಡು ಕುಲ ಅಂತಲೇ ಬರೆಯುತ್ತಿದ್ದೆ. ಕಣ್ಣೆದುರು ಇದ್ದದ್ದು ಒಂದು ತಲೆ.

ಎರಡನೇ ತಲೆಯನ್ನು ಕುದಿಸಲಿಲ್ಲ. ಬಿಸಿನೀರು ಸುರಿಯುತ್ತ ಮಾಂಸ ಬಿಡಿಸಿ, ದವಡೆಯೊಳಗೆ ಪೇಪರ್ ತುರುಕಿ, ನೆರಳಲ್ಲಿ ಒಣಗಿಸಿದೆ. ಅಗಲದವು ಮೇಲಿನ ದವಡೆಯಲ್ಲಿ, ಕಿರಿದಾದವು ಕೆಳಗಿನದರಲ್ಲಿ. ಎರಡರಲ್ಲೂ ಮೂಲೆಗೆ ಹೋದ ಹಾಗೆ ಹಲ್ಲು ಕುಳ್ಳಾಗುತ್ತಾ ಹೋಗುತ್ತಿತ್ತು. ಆಮೇಲೆ ನನ್ನ 31ನ್ನು ಡಬ್ಬಿಗಳಿಂದ ತೆಗೆದು, ನೀಳದ್ದರಿಂದ ಕುಳ್ಳದರ ತನಕ ಒಂದೇ ಸಾಲಿನಲ್ಲಿ ಜೋಡಿಸಿದೆ. 'ಅ' ಎಲ್ಲಿ ಮುಗಿಯಿತು, 'ಆ' ಎಲ್ಲಿ ಶುರುವಾಯಿತು ಅಂತ ಗೆರೆ ಹಾಕುವ ಜಾಗವೇ ಕಾಣಲಿಲ್ಲ. ಬೇರಿನ ಕಟ್ಟು 28ರಲ್ಲಿ ಒಂದೇ. ಇಂಕಿನ ಚೀಟಿಗಳನ್ನು ಹರಿದು ಹಾಕಿದೆ. ಅಂದಿನಿಂದ ಬೇರನ್ನು ಮೊದಲು ನೋಡುತ್ತೇನೆ, ಮೊನೆಯನ್ನು ಆಮೇಲೆ. ಚೀಟಿ ಪೆನ್ಸಿಲಿನಲ್ಲಿ.

ಇದು ನನ್ನಂಥ ಹೊಸಬರ ತಪ್ಪು ಮಾತ್ರವಲ್ಲ ಅನ್ನುವುದು ಆಮೇಲೆ ತಿಳಿಯಿತು. ಸ್ವಿಸ್ ವಿಜ್ಞಾನಿ ಲೂಯಿ ಅಗಾಸಿ 1833ರಿಂದ 1843ರವರೆಗೆ ಪಳೆಯುಳಿಕೆ ಮೀನುಗಳ ಬಗ್ಗೆ ದೊಡ್ಡ ಸಂಪುಟಗಳನ್ನು ತಂದು, ಎಲ್ಲ ಮೀನುಗಳನ್ನೂ ಹುರುಪೆಯ ಬಗೆ ನೋಡಿ ನಾಲ್ಕು ಗುಂಪು ಮಾಡಿದ. ಆ ವಿಂಗಡಣೆ ನಿಲ್ಲಲಿಲ್ಲ. ಇನ್ನೂ ಹತ್ತಿರದ ಕಥೆ ಟೈಕೋಡಸ್ ಎಂಬ ಅಳಿದ ಮೀನಿನದು. ಅರಿಯಲೂರು ಭಾಗದಲ್ಲೂ ಅದರ ಹಲ್ಲು ಸಿಗುತ್ತದೆ: ಚಪ್ಪಟೆ, ಮೇಲೆ ಅಡ್ಡಗೆರೆಗಳು, ಚಿಪ್ಪಿನ ಪ್ರಾಣಿಗಳನ್ನು ಅರೆಯುವ ಒಳಕಲ್ಲಿನ ಹಾಗೆ. ಬರೀ ಹಲ್ಲು ನೋಡಿ ಅದನ್ನು ತೊರಕೆ ಮೀನಿನ ಬಳಗಕ್ಕೂ ಸೇರಿಸಿದ್ದರು, ಹೈಬೋಡಾಂಟ್ ಎಂಬ ಹಳೇ ಶಾರ್ಕ್‌ಗಳ ಸಾಲಿಗೂ ಸೇರಿಸಿದ್ದರು. ಮೆಕ್ಸಿಕೋದ ವಲ್ಲೆಸಿಯೋ ಸುಣ್ಣಕಲ್ಲಿನಲ್ಲಿ ಇಡೀ ದೇಹದ ಅಚ್ಚು ಸಿಕ್ಕು, 2024ರಲ್ಲಿ ಅದರ ವಿವರಣೆ ಪ್ರಕಟವಾದಾಗ ಅದು ಬಿಳಿ ಶಾರ್ಕ್ ಸೇರಿರುವ ಲ್ಯಾಮ್ನಿಫಾರ್ಮಿಸ್ ಗಣದ್ದು ಅಂತಾಯಿತು. ಸುಮಾರು ಎರಡು ಶತಮಾನ ತಿಳಿದವರ ಕೈಯಲ್ಲಿದ್ದ ಹಲ್ಲು ಅದು.

ಮೂಳೆ ಮೀನುಗಳಲ್ಲಿ ಕೆಲವು ಸಲ ಕೆಲಸ ಸಲೀಸು. ಗಾರ್ ಮೀನಿನ ಹುರುಪೆ ವಜ್ರಾಕಾರ, ದಪ್ಪ, ಮೇಲೆ ಪಿಂಗಾಣಿಯಂಥ ಹೊಳಪು. ಒಮ್ಮೆ ಕಂಡರೆ ಮರೆಯುವುದಿಲ್ಲ. ಇವತ್ತು ಗಾರ್‌ಗಳು ಇರುವುದು ಉತ್ತರ ಮತ್ತು ಮಧ್ಯ ಅಮೆರಿಕದಲ್ಲಿ, ಕ್ಯೂಬಾದಲ್ಲಿ ಮಾತ್ರ. ಆದರೆ ಮಹಾರಾಷ್ಟ್ರದ ಡೊಂಗರ್‌ಗಾಂವ್‌ನ ಗಾರ್ ಪಳೆಯುಳಿಕೆಗೆ ಬ್ರಿಟಿಷ್ ವಿಜ್ಞಾನಿ ವುಡ್‌ವರ್ಡ್ 1908ರಲ್ಲೇ ಲೆಪಿಸೋಸ್ಟಿಯಸ್ ಇಂಡಿಕಸ್ ಅಂತ ಹೆಸರಿಟ್ಟಾಗಿದೆ. ಹಾಗಂತ ಒಂದೇ ಒಂದು ಹುರುಪೆ ಹಿಡಿದು ಪ್ರಭೇದದ ತನಕ ಹೋಗುವ ಧೈರ್ಯ ನನಗಿಲ್ಲ. ಕುಟುಂಬದ ಹೆಸರು ಬರೆದು ನಿಲ್ಲಿಸುತ್ತೇನೆ.

ನಿಲ್ಲಿಸುವುದಕ್ಕೂ ನಮ್ಮಲ್ಲಿ ಗುರುತುಗಳಿವೆ. ಕುಲ ಗೊತ್ತಿದ್ದು ಪ್ರಭೇದ ಗೊತ್ತಿಲ್ಲದಿದ್ದರೆ ಕುಲದ ಹೆಸರಾದ ಮೇಲೆ 'ಎಸ್‌ಪಿ.' ಇಂಥದ್ದನ್ನು ಹೋಲುತ್ತದೆ, ಆದರೆ ಖಾತ್ರಿಯಿಲ್ಲ ಅನ್ನಲು 'ಸಿಎಫ್.' ಏನೂ ಹೇಳಲಾಗದ್ದಕ್ಕೆ 'ಇಂಡೆಟ್.' ಶುರುವಿನಲ್ಲಿ ಈ ಮೂರನ್ನು ಬರೆಯಲು ನಾಚಿಕೆಯಾಗುತ್ತಿತ್ತು. ಈಗ ಯಾರಾದರೂ ಪಟ್ಟಿ ಕಳಿಸಿ, ಅದರಲ್ಲಿ ಒಂದೂ 'ಇಂಡೆಟ್.' ಇಲ್ಲದಿದ್ದರೆ ನನಗೇ ಅನುಮಾನ ಬರುತ್ತದೆ.

31ರಲ್ಲಿ 28 ಈಗ ಒಂದೇ ಡಬ್ಬಿಯಲ್ಲಿವೆ: ಕ್ರೆಟಲಾಮ್ನಾ ಎಸ್‌ಪಿ. ಉಳಿದ ಮೂರರ ಬೇರು ಮುರಿದಿದೆ. ಅವನ್ನು ಬೇರೆ ಇಟ್ಟಿದ್ದೇನೆ, ಚೀಟಿಯನ್ನು ಈ ತನಕ ಎರಡು ಸಲ ಅಳಿಸಿ ಬರೆದಾಯಿತು. ಕಟ್ಟಿಟ್ಟಿದ್ದ ಚೀಲದ ಮಣ್ಣನ್ನು ಇವತ್ತು ತಾರಸಿಗೆ ಹಾಕಿದ್ದೇನೆ. ಮೋಡ ಕವಿದಿದೆ, ಆಂಟಿಯವರ ಹಪ್ಪಳದ ಪಕ್ಕದಲ್ಲೇ ಒಣಗುತ್ತಿದೆ, ಎರಡನ್ನೂ ಒಟ್ಟಿಗೇ ಒಳಗೆ ತರಬೇಕಾಗಬಹುದು.