ಒಂದೇ ಬೇಸಿಗೆ, ಮೂರು ಸಲ ಸುಟ್ಟ ಮೋಟರ್

ಏಪ್ರಿಲ್ ಬಂತೆಂದರೆ ನಮ್ಮ ಕಲಬುರಗಿ ವಿಭಾಗದಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಆ ಬಿಸಿಲಿಗೆ ಅದು ಬೇಕೇ ಬೇಕು. ಆದರೆ ಬೋರ್‌ವೆಲ್ ಮೋಟರ್ ಸುಡುವುದೂ ಅದೇ ಏಪ್ರಿಲ್, ಮೇ ತಿಂಗಳಲ್ಲಿ, ಅಲ್ವಾ?

ನಾನು ಯಾದಗಿರಿ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಆಗಿದ್ದಾಗಿನ ಮಾತು. 7.5 ಎಚ್‌ಪಿ ಮೋಟರ್. ಮೊದಲ ಸಲ ಸುಟ್ಟಾಗಲೇ ಮೆಕ್ಯಾನಿಕ್ ಹೇಳಿದ್ದ, "ಇದರ ಕಥಿ ಮುಗೀತ್ರಿ ಸಾಹೇಬ್ರ, ಹೊಸದು ಇಳಸ್ರಿ." ನನಗೂ ಗೊತ್ತಿತ್ತು. ಆದರೂ ಎರಡು ಸಲ ರಿವೈಂಡಿಂಗ್ ಮಾಡಿಸಿದೆ, ಅಂದರೆ ಸುಟ್ಟ ತಂತಿ ಸುತ್ತು ತೆಗೆದು ಹೊಸದಾಗಿ ಸುತ್ತಿಸಿದೆ.

ರಿಪೇರಿ ಬಿಲ್ಲು ಸಣ್ಣದು, ನಮ್ಮ ಪಂಚಾಯಿತಿಯಲ್ಲೇ ಮುಗಿಯುತ್ತಿತ್ತು. ಹೊಸದಕ್ಕಾದರೆ ಕ್ರಿಯಾ ಯೋಜನೆಗೆ (ವರ್ಷದ ಕೆಲಸಗಳ ಪಟ್ಟಿಗೆ) ತಿದ್ದುಪಡಿ, ಅಂದಾಜು ಪಟ್ಟಿ, ಮಂಜೂರಾತಿ, ಮೂರು ಕೊಟೇಶನ್. ದುಡ್ಡಿರಲಿಲ್ಲ ಅಂತಲ್ಲ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ನೀರು, ನೈರ್ಮಲ್ಯಕ್ಕೇ ಮೀಸಲಿತ್ತು. ದುಡ್ಡು ಖಾತೆಯಲ್ಲಿತ್ತು, ಮೋಟರ್ ಹೆಸರು ಯೋಜನೆಯಲ್ಲಿರಲಿಲ್ಲ. ಊರಿಗೆ ಯಾವುದು ಒಳ್ಳೆಯದು ಅಂತ ನೋಡುವುದು ಬಿಟ್ಟು, ಯಾವುದರ ಕಾಗದ ಬೇಗ ಮುಗಿಯುತ್ತದೆ ಅಂತ ನೋಡಿದೆ. ನಡುವೆ ಟ್ಯಾಂಕರ್ ಬಾಡಿಗೆ ಬೇರೆ.

ಮೂರನೇ ಸಲ ಸುಟ್ಟಾಗ ಒಬ್ಬ ಮುದುಕಿ ಬಂದು ಖಾಲಿ ಕೊಡವನ್ನು ನನ್ನ ಕಡತದ ಮೇಲೇ ಇಟ್ಟಳು. "ಬರಿಯಪ್ಪ, ಬರಿ. ನೀ ಬರೆಯೋದು ಮುಗಿಯೋದ್ರಾಗ ಮಳಿ ಬರ್ತದ" ಅಂದಳು. ರಟ್ಟಿನ ಮೇಲೆ ಕೊಡದ ಬುಡದ ಮಣ್ಣು ದುಂಡಗೆ ಅಂಟಿತು.

ಅವತ್ತು ಟಿಪ್ಪಣಿ ಬೇರೆ ಥರ ಬರೆದೆ. ಸಾಮಾನ್ಯವಾಗಿ ನಾವು "ಮುಂದಿನ ಆದೇಶಕ್ಕಾಗಿ ಮಂಡಿಸಿದೆ" ಅಂತ ಬರೆದು ಕೈ ತೊಳೆದುಕೊಳ್ಳುತ್ತೇವೆ. ಮೇಲಿನವರು ಅಂಚಿನಲ್ಲಿ "ಚರ್ಚಿಸಿ" ಅಂತ ಗೀಚುತ್ತಾರೆ. ಆ ಒಂದು ಪದಕ್ಕೆ ಕಡತ ವಾರಗಟ್ಟಲೆ ಮಲಗುತ್ತದೆ. ಈ ಸಲ ಒಂದೇ ಹಾಳೆಯಲ್ಲಿ ಲೆಕ್ಕ ಕೊಟ್ಟೆ: ರಿವೈಂಡಿಂಗ್‌ಗೆ ಆದದ್ದೆಷ್ಟು, ಟ್ಯಾಂಕರ್‌ಗೆ ದಿನಕ್ಕೆಷ್ಟು, ಹೊಸದಕ್ಕೆಷ್ಟು. ಮೊದಲೆರಡು ಕೂಡಿದರೆ ಆಗಲೇ ಹೊಸ ಮೋಟರ್ ಬೆಲೆ ದಾಟಿತ್ತು! ಜೊತೆಗೆ ಪಂಚನಾಮೆ, ಸುಟ್ಟ ವೈಂಡಿಂಗ್‌ನ ಫೋಟೊ, ತುರ್ತು ಸಭೆಯ ನಿರ್ಣಯ. ಮರುದಿನ 8 ಗಂಟೆಗೆ ಮೊದಲೇ ತಾಲ್ಲೂಕು ಕಚೇರಿ ಬಾಗಿಲಲ್ಲಿ ನಿಂತಿದ್ದೆ. ಸಾಹೇಬರು ಪೆನ್ನು ತೆಗೆಯುವ ಮೊದಲೇ ಚರ್ಚಿಸಿದೆ. "ಚರ್ಚಿಸಲಾಗಿದೆ" ಅಂತ ಅಲ್ಲೇ ನಿಂತು ಬರೆದು ಸಹಿ ಮಾಡಿಸಿಕೊಂಡೆ. ನಾಲ್ಕನೇ ದಿನ ನಲ್ಲಿಯಲ್ಲಿ ನೀರು.

ನಿಯಮವೇ ಬೇಡ ಅನ್ನುವವನಲ್ಲ ನಾನು. ಬೋರ್‌ವೆಲ್‌ಗೆ ಇಳಿಯದ ಮೋಟರ್‌ಗೂ ಬಿಲ್ಲು ಆದದ್ದನ್ನು ನೋಡಿದ್ದೇನೆ. 1999ರ ಖರೀದಿ ಪಾರದರ್ಶಕತೆ ಕಾಯ್ದೆ ಸುಮ್ನೆ ಬರಲಿಲ್ಲ.

ಎರಡು ವರ್ಷದ ಮೇಲೆ ಆಡಿಟ್‌ನವರು ಅದೇ ಕಡತ ತೆಗೆದರು. ಮಣ್ಣಿನ ಗುರುತು ಇನ್ನೂ ಇತ್ತು. ಹೊಸ ಮೋಟರ್‌ನ ಮೂರನೇ ಕೊಟೇಶನ್‌ಗೆ ದಿನಾಂಕ ಇಲ್ಲ ಅಂತ ಆಕ್ಷೇಪಣೆ ಬರೆದರು. ಎರಡು ರಿವೈಂಡಿಂಗ್ ಬಗ್ಗೆ ಒಂದು ಸಾಲೂ ಇರಲಿಲ್ಲ. ಅವುಗಳ ಕಾಗದ ಎಲ್ಲ ಸರಿಯಿತ್ತು.